ಕಪ್ಪೆಚಿಪ್ಪಿನ ಮೇಷ್ಟ್ರು

ಚಿತ್ರದುರ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಷಡಕ್ಷರಪ್ಪ ಮೇಷ್ಟ್ರು ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ಕಾಸಿದ ಟೀಯನ್ನೂ ಮುಟ್ಟುವವರಲ್ಲ. ಆದರೆ ಕಪ್ಪೆಚಿಪ್ಪು ಕೊಯ್ಯುವುದರಲ್ಲಿ ಜಿಲ್ಲೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಮದುವೆಯ ಪಂಕ್ತಿಯಲ್ಲಿ ಎದುರು ಕೂತವರಿಗೆ ಅವರು ಹೇಳುವುದು ಒಂದೇ: "ಚಿಪ್ಪು ಎದ್ದು ಓಡಂಗಿಲ್ಲ ಕಣ್ರಿ. ಬಂದ ವಿಷನ ಕುಂತಲ್ಲೇ ಮುರೀಬೇಕು. ಅದಕ್ಕೇ ಅದರೊಳಗೆ ವಿಷ ಮುರಿಯೋ ಕಿಣ್ವ ಮಾಡೋ ಜೀನ್ ಅವೆ, ರೋಗ ತಡೆಯೋ ಕಣ ಅವೆ!" ಬಸ್ಸಿನವರು ತಮ್ಮ ಊರು ಬರುವ ಮೊದಲೇ ಇಳಿದುಬಿಡುತ್ತಾರೆ, ಪಂಕ್ತಿಯವರಿಗೆ ಆ ಭಾಗ್ಯವೂ ಇಲ್ಲ. ಹಿರಿಯೂರು ಕಡೆಯ ಕೆರೆಯೊಂದರ ಚಿಪ್ಪುಗಳಲ್ಲಿ ಆ ಜೀನ್‌ಗಳು ಹತ್ತು ಪಟ್ಟು ಜೋರಾಗಿ ಕೆಲಸ ಮಾಡುತ್ತಿವೆ ಎಂದು ತಿಳಿದ ದಿನ ಇಡೀ ವಿಭಾಗಕ್ಕೆ ಮೈಸೂರುಪಾಕು ಹಂಚಿದರು. ಅದರ ಬಗ್ಗೆ ಬರೆದ ಪ್ರಬಂಧವನ್ನು ವಿದೇಶದ ಪತ್ರಿಕೆ ಅಚ್ಚು ಹಾಕಿದಾಗ ಶಾಲು ಹೊದ್ದು ಫೋಟೊ ತೆಗೆಸಿಕೊಂಡರು. ಮೊನ್ನೆ ಅದೇ ಕೆರೆಯ ದಂಡೆಯಲ್ಲಿ ಕುರಿ ಕಾಯುವ ಜುಂಜಮ್ಮನಿಗೂ ಪ್ರಬಂಧ ತೋರಿಸಿ ವಿವರಿಸುತ್ತಿದ್ದಾಗ ಅವಳ ಕುರಿಗಳು ನೀರಿಗೆ ಬಾಯಿ ಹಾಕಿದವು. ಮೇಷ್ಟ್ರು ಬೂಟುಗಾಲಲ್ಲೇ ಕೆಸರಿಗಿಳಿದು, ಛತ್ರಿ ಬೀಸಿ ಅಷ್ಟನ್ನೂ ಓಡಿಸಿದರು. "ಕುಡಿಸಬ್ಯಾಡಮ್ಮ, ನೀರಲ್ಲಿ ವಿಷ ಐತೆ!" "ಎರಡು ವರ್ಷದಿಂದ ಬರ್ತಿದ್ದೀರಲ್ಲ ಸ್ವಾಮಿ, ನಮ್ಮ ಹಟ್ಟಿಯೋರೆಲ್ಲ ಕುಡಿಯೋದು ಇದೇ ನೀರು" ಎಂದಳು ಜುಂಜಮ್ಮ. ಮೇಷ್ಟ್ರು ಕೈಯಲ್ಲಿದ್ದ ಪ್ರಬಂಧದ ಪುಟಗಳನ್ನು ಮಗುಚಿ ನೋಡಿದರು. ಕೆರೆಯ ಆಳ, ನೀರಿನ ಉಷ್ಣತೆ, ಒಂದೊಂದು ಚಿಪ್ಪಿನ ತೂಕ ಎಲ್ಲವೂ ಇದ್ದವು. ಹಟ್ಟಿಯ ಹೆಸರು ಎಲ್ಲೂ ಇರಲಿಲ್ಲ.