ಎರಡು ಕೈಯ ಕರೆಂಟು

ನಾಯಕಿಯ ಬೆರಳ ತುದಿಯಿಂದ ಮಿಂಚು ಹಾರಲೇಬೇಕು ಎಂದು ಗೆಳತಿ ಹಟ ಹಿಡಿದಳು. ಹಾರುವುದಿಲ್ಲ ಎಂದು ನಾನೂ ಹಟ ಹಿಡಿದೆ. ಮಕ್ತಲ್‌ನಲ್ಲಿ ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಒಂದು ಇಡೀ ಭಾನುವಾರ ನಾವು ಮಾಡಿದ್ದು ಇದೊಂದೇ ಜಗಳ.

ನಾನು ನಾರಾಯಣಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಗೆಳತಿ ಗದ್ವಾಲದಲ್ಲಿ ಸೀರೆಯ ಅಂಚು-ಸೆರಗುಗಳಿಗೆ ಚಿತ್ತಾರ ಬರೆದುಕೊಡುತ್ತಾಳೆ. ಮೊದಲು ಗ್ರಾಫ್ ಹಾಳೆಯ ಮೇಲೆ, ಈಗ ಕಂಪ್ಯೂಟರಿನಲ್ಲಿ. ತೆಲಂಗಾಣದ ಗಡಿಯ ನಮ್ಮ ಕಡೆಯ ಕನ್ನಡ ಶಾಲೆಗಳ ಮಕ್ಕಳಿಗೆ ನಮ್ಮ ಊರುಗಳಲ್ಲೇ ಓಡಾಡುವ ಒಬ್ಬ ಸಾಹಸಿಯ ಚಿತ್ರಕಥೆ ಮಾಡಬೇಕು ಎಂದು ಇಬ್ಬರಿಗೂ ಆಸೆ. ಕಥೆ ನನ್ನದು, ಚಿತ್ರ ಅವಳದು. ಮಕ್ತಲ್ ಇಬ್ಬರಿಗೂ ನಡುವೆ ಸಿಗುವ ಊರು. ಅಲ್ಲಿ ಅಕ್ಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾಳೆ. ಹಾಗಾಗಿ ಕಥೆ ಮುಂದೆ ಸಾಗದ ದಿನವೂ ಊಟಕ್ಕೆ ಮೋಸವಿರಲಿಲ್ಲ.

"ಗಾಳಿ ದಾಟಿ ಮಿಂಚು ಹಾರಬೇಕಂದ್ರ ಲಕ್ಷಗಟ್ಟಲೆ ವೋಲ್ಟ್ ಬೇಕು. ಅಷ್ಟು ಕರೆಂಟ್ ಮನಿಷ್ಯಾರ ಮೈಯಾಗ ಎಲ್ಲಿಂದ ಬರ್ತೈತಿ?" ಎಂದೆ.

"ಏಮಿ ಸೈನ್ಸ್ ತಲ್ಲೀ ಇದು! ಕತಿ ಐತಿ, ನಿನ್ನ ಪರೀಕ್ಷಾ ಪೇಪರ್ ಅಲ್ಲ," ಎಂದು ಗೆಳತಿ ಅರ್ಧ ತೆಲುಗಿನಲ್ಲಿ ರೇಗಿ ಪೆನ್ಸಿಲ್ ಎಸೆದಳು.

ನನಗೂ ಕಥೆಯೇ ಬೇಕಿತ್ತು. ಆದರೆ ಓದಿದ ಮಗುವೊಂದು 'ಇದು ನಿಜಕ್ಕೂ ಆಗಬಹುದೇನೋ' ಎಂದುಕೊಂಡು ಒಂದು ಗಳಿಗೆ ತನ್ನ ಕೈ ನೋಡಿಕೊಳ್ಳಬೇಕು, ಅಂಥ ಕಥೆ. ಆ ವಾರವೆಲ್ಲ ಕರೆಂಟು ಹೊಡೆಯುವ ಮೀನಿನ ಬಗ್ಗೆ ಓದಿದೆ. ದಕ್ಷಿಣ ಅಮೆರಿಕದ ನದಿಗಳಲ್ಲಿ ಹಾವಿನಂತೆ ಉದ್ದಕ್ಕಿರುವ ಮೀನು. ಸ್ನಾಯುಗಳಿಂದಲೇ ರೂಪುಗೊಂಡ ಸಾವಿರಾರು ಪುಟ್ಟ ಕೋಶಗಳು ಅದರ ಮೈಯಲ್ಲಿ ಟಾರ್ಚಿನ ಸೆಲ್ಲುಗಳ ಹಾಗೆ ಸಾಲುಗಟ್ಟಿ ನಿಂತಿರುತ್ತವೆ. ಒಂದೊಂದರಲ್ಲಿ ಇರುವುದು ತೃಣದಷ್ಟು ವಿದ್ಯುತ್ತು. ಎಲ್ಲವೂ ಒಟ್ಟಿಗೆ ಹೊಡೆದರೆ ಎದುರಿನ ಪ್ರಾಣಿ ಮರಗಟ್ಟಿ ನಿಲ್ಲುತ್ತದೆ.

ನಮ್ಮ ನಾಯಕಿಗೆ ಅಂಥ ಕೋಶಗಳನ್ನು ಬಲಗೈಯಿಂದ ಬೆನ್ನ ಮೇಲೆ ಹಾಯಿಸಿ ಎಡಗೈವರೆಗೆ ಜೋಡಿಸಿದೆ. ಒಂದು ಅಂಗೈ ಪ್ಲಸ್ಸು, ಇನ್ನೊಂದು ಮೈನಸ್ಸು. ಅಂದಮೇಲೆ ಒಂದೇ ಕೈಯಿಂದ ಏನೂ ಆಗದು. ಕಳ್ಳನನ್ನು ಎರಡು ಕೈಯಿಂದಲೂ ಹಿಡಿಯಬೇಕು. ಅವನ ಎರಡು ತೋಳುಗಳನ್ನು ಒಂದೊಂದು ಕೈಯಲ್ಲಿ ಹಿಡಿದರೆ ಕರೆಂಟು ಎದೆಯ ಮೂಲಕ ಹರಿದು ಅವನು ಸತ್ತೇ ಹೋದಾನು, ನಮ್ಮವಳು ಕೊಲೆಗಾತಿಯಲ್ಲ. ಆದ್ದರಿಂದ ಒಂದೇ ಮುಂಗೈಯನ್ನು ಎರಡೂ ಕೈಯಿಂದ ಹಿಡಿಯುತ್ತಾಳೆ. ಅವನ ಸ್ನಾಯು ಸೆಟೆದು, ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ. ಆಮೇಲೆ ಅವಳಿಗೆ ಸುಸ್ತು, ವಿಪರೀತ ಹಸಿವು. ಮಳೆಯಲ್ಲಿ ನೆನೆದರಂತೂ ಕರೆಂಟೆಲ್ಲ ಒದ್ದೆ ಮೈಮೇಲೇ ಹರಿದು ಪೋಲಾಗುತ್ತದೆ. ಫೋನು ಮಾಡಿ, ಮಳೆಗೆ ಹೆದರುವ ಸಾಹಸಿ ಎಂದ ಕೂಡಲೇ ಗೆಳತಿಯ ಕೋಪ ಇಳಿಯಿತು. "ಇದು ಮಸ್ತ್ ಐತಿ ನೋಡು," ಎಂದು ಫೋನಿನಲ್ಲೇ ಕೂಗಿದಳು.

ಕಳ್ಳರು ಯಾರೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯ ಇರಲಿಲ್ಲ. ಹೊಲದ ಟ್ರಾನ್ಸ್‌ಫಾರ್ಮರ್ ಬಿಚ್ಚಿ ತಾಮ್ರದ ತಂತಿ ಕದ್ದೊಯ್ಯುವವರು.

ಉಳಿದ ತೊಡಕು ಒಂದೇ. ಅವಳ ಶಾಕು ಅವಳಿಗೇ ಹೊಡೆಯದ ಹಾಗೆ ಏನು ಮಾಡುವುದು? ಕೊಬ್ಬು ವಿದ್ಯುತ್ತನ್ನು ಸುಲಭಕ್ಕೆ ಹರಿಯಗೊಡುವುದಿಲ್ಲ. ಹೃದಯ, ಶ್ವಾಸಕೋಶಗಳ ಸುತ್ತ ದಪ್ಪನೆಯ ಕೊಬ್ಬಿನ ಪದರವಿದ್ದರೆ ಅವಳು ಬದುಕಿಯಾಳು. ಅಂದರೆ ನಮ್ಮ ನಾಯಕಿ ದಪ್ಪಗಿರಬೇಕು. ಇದನ್ನು ಹೇಳಿದಾಗ ಗೆಳತಿ, "ನಂಗೆ ಗೊತ್ತಾತು ಯಾರನ್ನ ಬರೀಬೇಕು ಅಂತ," ಎಂದಳು.

ಮುಂದಿನ ಭಾನುವಾರ ಅವಳು ಅದೇ ಪಡಸಾಲೆಯಲ್ಲಿ ಹಾಳೆಗಳನ್ನು ಹರಡಿದಳು. ಚಿತ್ರದಲ್ಲಿದ್ದವಳು ಅಕ್ಕ. ಅದೇ ದುಂಡು ಮುಖ, ಅದೇ ಅಗಲ ಭುಜ, ಅದೇ ಸೊಂಟಕ್ಕೆ ಸಿಕ್ಕಿಸಿದ ಸೆರಗು. ಚಿತ್ರ ಯಾರೂ ಗುರುತು ಹಿಡಿಯುವಷ್ಟು ಸೊಗಸಾಗಿತ್ತು, ಅದೇ ಭಯ. ಅಕ್ಕನ ಗಾತ್ರ ನೋಡಿ ನಗದವರು ನಮ್ಮ ಬಳಗದಲ್ಲೇ ಕಡಿಮೆ. ಅವರೆದುರಿಗೆ ಅಕ್ಕ ತಾನೂ ನಗುತ್ತಿದ್ದಳು. ಮನೆಗೆ ಬಂದು ಯಾರೊಂದಿಗೂ ಮಾತಾಡದೆ ಹಿಟ್ಟು ನಾದುತ್ತಿದ್ದಳು. "ತೆಗಿ, ಜಲ್ದಿ ತೆಗಿ," ಎಂದು ನಾನು ಹಾಳೆ ಮಡಚುವಷ್ಟರಲ್ಲಿ ಅಕ್ಕ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಬುಟ್ಟಿ ಇಟ್ಟು, ಹಾಳೆಗಳನ್ನು ಒಂದೊಂದಾಗಿ ನೋಡಿದಳು. ನಮಗೆ ಬಡಿಸಿ ಒಳಗೆ ಹೋದಳು. ಅವತ್ತಿನ ಪಲ್ಯದ ರುಚಿ ನಮ್ಮಿಬ್ಬರಿಗೂ ನೆನಪಿಲ್ಲ.

ವಾರದ ನಡುವೆ ಅಕ್ಕನೇ ಫೋನು ಮಾಡಿದಳು.

"ಕತಿಯಾಗ ಆಕಿ ಏನು ಕೆಲಸ ಮಾಡ್ತಾಳ?"

"ರೊಟ್ಟಿ ಮಾಡ್ತಾಳ," ಎಂದೆ.

"ಬರಾಬರ್. ರೊಟ್ಟಿ ಬಡಿಯೋರಿಗೆ ಕೈ ಗಟ್ಟಿ ಇರ್ತಾವ." ಅಕ್ಕ ಮುಂದುವರಿಸಿದಳು, "ಆಕಿ ಕೆಸರಾಗ ಬಿದ್ದಿದ್ದು ಒಂದು ಚಿತ್ರ ಐತಲ್ಲ, ಜನ ಎಲ್ಲಾ ನಗೋದು. ಅದು ಬ್ಯಾಡ. ಉಳಿದಿದ್ದು ಇರ್ಲಿ. ನಿನ್ನ ಗೆಳತಿ ಕಣ್ಣು ಚಲೋ ಬರದಾಳ."

ಗೆಳತಿಗೆ ಹೇಳಿದೆ. ಆ ಚಿತ್ರವನ್ನು ಅವಳು ಅಳಿಸಲಿಲ್ಲ, ಇಡೀ ಪುಟವನ್ನೇ ಹರಿದು ಹೊಸದಾಗಿ ಬರೆದಳು. ಅದೇ ಕೆಸರು, ಅದೇ ಮಳೆ. ಶಕ್ತಿ ಕೈಕೊಟ್ಟಿದೆ. ಆದರೂ ನಾಯಕಿ ಕಳ್ಳನ ಮುಂಗೈ ಬಿಟ್ಟಿಲ್ಲ. ಬರೀ ಹಿಡಿತಕ್ಕೇ ಅವನು ಕಿರುಚುತ್ತಿದ್ದಾನೆ. ಇಡೀ ಪುಸ್ತಕದಲ್ಲಿ ವಿಜ್ಞಾನದ ಹಂಗಿಲ್ಲದ ಪುಟ ಅದೊಂದೇ, ಎಲ್ಲಕ್ಕಿಂತ ಚೆನ್ನಾಗಿರುವುದೂ ಅದೇ.

ಪುಸ್ತಕ ಅಚ್ಚಾದ ಮೇಲೆ ಗದ್ವಾಲದ ಹತ್ತಿರ ಕೆ.ಟಿ. ದೊಡ್ಡಿ ಕಡೆಯ ಒಂದು ಶಾಲೆಯವರು ಮಕ್ಕಳಿಗೆ ಓದಿ ಹೇಳಲು ನಮ್ಮನ್ನು ಕರೆದರು. ಅಕ್ಕನನ್ನು ಒತ್ತಾಯಿಸಿ ಕರೆದುಕೊಂಡು ಹೋದೆವು. ಅವಳು ಹಿಂದಿನ ಸಾಲಿನಲ್ಲಿ ಶಿಕ್ಷಕಿಯರ ನಡುವೆ ಕೂತಳು. ನಾನು ಓದಿದೆ, ಗೆಳತಿ ಚಿತ್ರ ಎತ್ತಿ ಹಿಡಿದಳು. ಮೂರನೆಯ ಪುಟಕ್ಕೆ ಮಕ್ಕಳು ಹಿಂದೆ ತಿರುಗಿ ಅಕ್ಕನನ್ನು ನೋಡತೊಡಗಿದರು. ಐದನೆಯ ಪುಟಕ್ಕೆ ನಮ್ಮ ಕಡೆ ನೋಡುವವರೇ ಇಲ್ಲ.

ಕಥೆ ಮುಗಿದಾಗ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ಆಕಿ ಯಾರ್ನರ ಅಪ್ಕೊಂಡ್ರ ಅವ್ರಿಗೂ ಶಾಕ್ ಹೊಡೀತೈತೇನ್ರಿ?"

ಒಳ್ಳೆಯ ಪ್ರಶ್ನೆ. ಮಿದುಳು ನರಗಳಿಗೆ ಸೂಚನೆ ಕೊಟ್ಟರೆ ಮಾತ್ರ ಆ ಕೋಶಗಳು ಒಟ್ಟಿಗೆ ಹೊಡೆಯುತ್ತವೆ, ಬೇಡವೆಂದರೆ ಇಲ್ಲ ಎಂದು ನಾನು ಶುರು ಮಾಡಿದೆ. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಬಂತು.

"ಬಾರವ್ವ ಇಲ್ಲಿ, ನೋಡೇಬಿಡೋಣು."

ಹುಡುಗಿ ಅಳುಕುತ್ತ ಹೋದಳು. ಅಕ್ಕ ಎರಡೂ ಕೈ ಚಾಚಿ ಅವಳನ್ನು ತಬ್ಬಿಕೊಂಡಳು. ಹುಡುಗಿ ಇದ್ದಕ್ಕಿದ್ದಂತೆ ಮೈ ನಡುಗಿಸಿ, "ಹೊಡೀತು!" ಎಂದು ಚೀರಿದಳು. ಸುಳ್ಳೇ ಸುಳ್ಳು. ಆದರೆ ಮರುಕ್ಷಣ ಇಡೀ ತರಗತಿ ಅಕ್ಕನ ಮೇಲೆ ಬಿತ್ತು. "ನಂಗೂ ಶಾಕ್ ಕೊಡ್ರಿ, ನಂಗೂ ಕೊಡ್ರಿ" ಎಂಬ ಗದ್ದಲದ ನಡುವೆ ಅಕ್ಕ ನಗುತ್ತಿದ್ದಳು. ಶಿಕ್ಷಕಿಯೊಬ್ಬರು ಸಾಲು ಮಾಡಿಸಲು ಹೋಗಿ ತಾವೂ ಸಾಲಿನಲ್ಲಿ ನಿಂತರು.

ಗದ್ವಾಲದ ಬಸ್ಸು ತಪ್ಪಿತು. ಹತ್ತಿಯ ಮೂಟೆ ಹೇರಿದ್ದ ಲಾರಿಯೊಂದರ ಮುಂದಿನ ಸೀಟಿನಲ್ಲಿ ಮೂವರೂ ಇಕ್ಕಟ್ಟಾಗಿ ಕೂತು ಹೊರಟೆವು. "ನಾ ಅರ್ಧಾ ಸೀಟು ಜಾಸ್ತಿ ತಗೊಂತೀನಿ, ಸರೀರಿ," ಎಂದು ಅಕ್ಕ ನಮ್ಮಿಬ್ಬರನ್ನೂ ಬದಿಗೆ ತಳ್ಳಿ, ಕಿಟಕಿಯ ಕಡೆ ಆರಾಮಾಗಿ ಕೂತಳು.