ನಾಲ್ಕನೇ ನಂಬರು

ಆ ಮನೆಯಲ್ಲಿ ಕಸೂತಿ ಮೆಷಿನ್ ಓಡಿಸುವವಳು ಅಕ್ಕ, ಅದನ್ನು ಕ್ಲೀನ್ ಮಾಡುವವಳು ಅವಳ ಜೊತೆಗೇ ಇದ್ದ ತಂಗಿ. ಹಾಗಂತ ಒಪ್ಪಂದವೇನೋ ಆಗಿತ್ತು. ಆದರೆ ಹತ್ತು ಸಲ ಹೇಳದೆ ತಂಗಿಯ ಕೈಗೆ ಬ್ರಷ್ಷು ಬಂದದ್ದುಂಟೆ? "ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ" ಎಂದು ಅಕ್ಕ ಕೂಗಾಡುವಳು. "ಮಾಡ್ತೀನಿ ಇರಕ್ಕ" ಎಂದು ತಂಗಿ ಮಗ್ಗುಲು ಬದಲಿಸುವಳು.

ಕ್ಲೀನ್ ಮಾಡಿ ಎಣ್ಣೆ ಬಿಟ್ಟ ಕೂಡಲೇ ಗಿರಾಕಿಯ ಬಟ್ಟೆ ಹಾಕಿದರೆ ಕಲೆಯಾಗುತ್ತದಲ್ಲ, ಅದಕ್ಕೇ ಮೊದಲು ಚಿಂದಿಯ ಮೇಲೆ ಏನಾದರೂ ಹೊಲಿದು ನೋಡಬೇಕು. ಅಲ್ಲೂ ಅಕ್ಕನದು ಕೀಟಲೆಯೇ. ಮೆಷಿನ್ನಿನೊಳಗೆ ನಾಲ್ಕು ಮಾತು ತುಂಬಿಸಿಟ್ಟಿದ್ದಳು. ಒಂದು ಒತ್ತಿದರೆ ಚಿಂದಿಯ ಮೇಲೆ 'ಸೋಮಾರಿ' ಎಂದು ಹೊಲಿಗೆ ಮೂಡುವುದು, ಎರಡಕ್ಕೆ 'ಥೂ ನಿನ್ನ', ಮೂರಕ್ಕೆ 'ಪರವಾಗಿಲ್ಲ'. ಕೆಲಸ ನೋಡಿ ನಂಬರು ಒತ್ತುವಳು. ಇಷ್ಟು ವರ್ಷದಲ್ಲಿ ತಂಗಿಗೆ ಮೂರು ಬಿದ್ದದ್ದು ಎರಡೇ ಸಲ.

"ನಾಲ್ಕರಲ್ಲೇನಿದೆ ಅಕ್ಕ?"

"ಯಾರೂ ಹೇಳ್ದೆ ನೀನಾಗೇ ಕ್ಲೀನ್ ಮಾಡ್ತೀಯಲ್ಲ, ಅವತ್ತು ಒತ್ತು. ಅಲ್ಲೀವರೆಗೂ ಮುಟ್ಟಿದ್ರೆ ಜೋಕೆ!"

ಅಂಥ ದಿನ ಬರಲೇ ಇಲ್ಲ. ಅಕ್ಕ ಹೋಗಿ ಎರಡು ತಿಂಗಳಾಯಿತು.

ತಂಗಿ ಅತ್ತಿರಲಿಲ್ಲ. ಬಂದವರೆಲ್ಲ ಅತ್ತರು, ಇವಳು ಅವರ ಚಹಾ ಲೋಟ ತೊಳೆದಳು. ಕಲ್ಲು ಮನಸ್ಸಿನವಳು ಎಂದು ಆಡಿಕೊಂಡವರೂ ಇದ್ದರು. ಕಲ್ಲಲ್ಲ ಪಾಪ, ಕೂತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಮನಸ್ಸಿಗೆ ಹಿಡಿದಿತ್ತು. ಊಟ ಮಾಡಿದ್ದೂ ಗೊತ್ತಾಗುತ್ತಿರಲಿಲ್ಲ, ಬಿಟ್ಟದ್ದೂ ಗೊತ್ತಾಗುತ್ತಿರಲಿಲ್ಲ.

"ಆ ಮೆಷಿನ್ ಕಣ್ಣಿಗೆ ಬಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ" ಎಂದ ಭಾವ ಬೆಳಿಗ್ಗೆ. "ಮಾರ್ಬಿಟ್ಟೆ, ಮಧ್ಯಾಹ್ನ ತಗೊಂಡು ಹೋಗೋಕೆ ಬರ್ತಾರೆ. ನೀನೇನೂ ಮಾಡ್ಬೇಡಮ್ಮ, ಹೇಗಿದ್ಯೋ ಹಾಗೇ ಒಯ್ತಾರಂತೆ."

"ಹೂಂ" ಎಂದಳು ತಂಗಿ. ಮೆಷಿನ್ನಿನ ಜೊತೆ ನಾಲ್ಕನೇ ನಂಬರೂ ಹೊರಟುಹೋಗುತ್ತದೆ ಅನ್ನುವುದು ತಲೆಗೆ ಬಂತು. ಬಂದದ್ದು ಹಾಗೇ ಹೋಯಿತು.

ಆದರೂ ಹೋಗಿ ಅದರ ಮುಂದೆ ಕೂತಳು. ಹೊದಿಕೆ ತೆಗೆದಳು, ಪ್ಲಗ್ಗು ಕಿತ್ತಳು. ಹಳೆಯ ಸೂಜಿ ಬಿಚ್ಚಿ, ಸೂಜಿ ಇಳಿಯುವ ತಗಡಿನ ಎರಡು ತಿರುಪು ಸಡಿಲಿಸಿ, ಅಡಿನೂಲಿನ ಬಾಬಿನ್ ಕೇಸನ್ನು ಹೊರಗೆತ್ತಿದಳು. ಒಳಗೆ ನೂಲಿನ ಧೂಳು ಬಟ್ಟೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಮೇಲೆ ನೀಲಿ, ಅದರಡಿ ಕೆಂಪು, ಇನ್ನೂ ಅಡಿಗೆ ಹಳದಿ. ಊದಲು ಬಾಯಿ ತೆರೆದವಳು ಬೈಗುಳಕ್ಕಾಗಿ ಹಿಂದೆ ತಿರುಗಿದಳು. ಊದಬೇಡ್ವೇ, ಧೂಳು ಒಳಗೆ ಹೋಗುತ್ತೆ ಎನ್ನುವವರು ಅಲ್ಲಿರಲಿಲ್ಲ. ಬಾಯಿ ಮುಚ್ಚಿಕೊಂಡು ಬ್ರಷ್ಷು ತೆಗೆದುಕೊಂಡಳು.

ಚಿಮಟದಲ್ಲಿ ಎಳೆ ಎಳೆಯಾಗಿ ಕಿತ್ತು, ಮೂಲೆ ಮೂಲೆ ಬ್ರಷ್ಷಾಡಿಸಿ, ತಿರುಗುವ ಜಾಗಕ್ಕೆ ಒಂದೇ ಒಂದು ಹನಿ ಎಣ್ಣೆ ಬಿಟ್ಟಳು. ಎಲ್ಲವನ್ನೂ ಮತ್ತೆ ಕೂರಿಸಿ, ಹೊಸ ಸೂಜಿ ಹಾಕಿ, ಚಿಂದಿಯನ್ನು ಚೌಕಟ್ಟಿಗೆ ಬಿಗಿದಳು. ಪ್ಲಗ್ಗು ಹಾಕಿ, ತನಗೆ ಸದಾ ಬೀಳುತ್ತಿದ್ದ ಒಂದನ್ನೇ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು.

ಇವತ್ತು ಯಾರು ಹೇಳಿದರು ಇದನ್ನೆಲ್ಲ ಮಾಡು ಅಂತ? ಭಾವ ಬೇಡ ಎಂದಿದ್ದ. ಹೇಳುವವಳು ಇಲ್ಲ.

ನಾಲ್ಕು ಒತ್ತಿದಳು.

ಸೂಜಿ ಟಕಟಕ ಇಳಿಯತೊಡಗಿತು. 'ಭೇಷ್' ಅಂತಿರಬಹುದೆ? ಅಕ್ಕನ ಬಾಯಲ್ಲಿ ಆ ಮಾತು ಹುಟ್ಟಿದ್ದೇ ಇಲ್ಲ. ಒಂದೊಂದೇ ಅಕ್ಷರ ಮೂಡಿ, ಚೌಕಟ್ಟು ಆಚೀಚೆ ಸರಿದು ನಿಂತಿತು.

'ಅಂತೂ ಬುದ್ಧಿ ಬಂತು ನೋಡು.'

ತಂಗಿಗೆ ಕಿಸಕ್ಕನೆ ನಗು ಬಂತು. ಅಯ್ಯೋ, ಎರಡು ತಿಂಗಳ ಮೇಲೆ ಬಂದ ನಗು ನಗುವಾಗಿ ಎಲ್ಲಿ ಉಳಿದೀತು? ಮೆಷಿನ್ನಿಗೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತಳು. ಭಾವ ಓಡಿ ಬಂದ, ಚಿಂದಿ ನೋಡಿದ, ಓದಿ ಅಲ್ಲೇ ನೆಲದ ಮೇಲೆ ಕುಸಿದು ಕೂತ.

ಕೂತಲ್ಲಿಂದಲೇ ಕೇಳಿದ: "ಬರೋರಿಗೆ ಈಗ ಏನಂತ ಹೇಳ್ಲಿ?"

ತಂಗಿ ಎಣ್ಣೆಗೈಯಲ್ಲೇ ಮುಖ ಒರೆಸಿಕೊಂಡಳು.

"ಮೆಷಿನ್ ಇನ್ನೂ ಕ್ಲೀನ್ ಆಗಿಲ್ಲ, ಕೊಡಲ್ಲ ಅನ್ನಿ ಭಾವ. ಅವಳ ತಂಗಿ ಮಹಾ ಸೋಮಾರಿ ಅಂತ ಹೇಳಿ."