ಫೈಲ್‌ನಲ್ಲಿಲ್ಲದ ಮೂರು ಗೆರೆ

ಮೈಸೂರಿನ ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಸಿಎನ್‌ಸಿ ಯಂತ್ರಗಳ ರಿಪೇರಿ ಮಾಡುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ಕೊರೊನಾ ಕಾಲ ಕಳೆದ ಮರುವರ್ಷ ನಿವೃತ್ತನಾಗಿ ಹುಟ್ಟೂರು ಕೊಳ್ಳೇಗಾಲಕ್ಕೆ ಬಂದೆ. ಇನ್ನು ಯಂತ್ರದ ತಂಟೆಗೆ ಹೋಗುವುದಿಲ್ಲ ಎಂದು ಮನೆಯವಳಿಗೆ ಮಾತು ಕೊಟ್ಟಿದ್ದೆ. ಆ ಮಾತು ಒಂದು ತಿಂಗಳೂ ನಿಲ್ಲಲಿಲ್ಲ. ಅಷ್ಟರಲ್ಲಿ ಹನೂರು, ಯಳಂದೂರು ಕಡೆಯ ಸಣ್ಣ ಶೆಡ್ಡುಗಳಿಗೂ ಹವ್ಯಾಸಿಗಳ ಸಿಎನ್‌ಸಿ ರೂಟರ್ ಬಂದುಬಿಟ್ಟಿತ್ತು. ಮಂಚದಷ್ಟು ದೊಡ್ಡದಾದ, ಕಂಪ್ಯೂಟರ್ ಫೈಲ್ ಹೇಳಿದ ದಾರಿಯಲ್ಲಿ ಓಡಾಡಿ ಮರ ಕೆತ್ತುವ ಯಂತ್ರ ಅದು. ಕೊಳ್ಳುವವರಿದ್ದರು, ಕೆಟ್ಟರೆ ನೋಡುವವರಿರಲಿಲ್ಲ. ನನ್ನ ಫೋನ್ ನಂಬರ್ ಬಾಯಿಂದ ಬಾಯಿಗೆ ಹೋಯಿತು.

ದೂರು ಹೆಚ್ಚಾಗಿ ಒಂದೇ: ಫಿನಿಶ್ ಸರಿಯಿಲ್ಲ. ಕೆತ್ತಿದ ಮೈ ನುಣುಪಾಗಿ ಬರುವ ಬದಲು ಅಲೆ ಬರುತ್ತದೆ, ಗೆರೆ ಬೀಳುತ್ತದೆ, ನಾರು ಏಳುತ್ತದೆ. ಕರೆದವರೆಲ್ಲ ಮೊದಲು ಬಯ್ಯುವುದು ಮರವನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹೋಗಿ, ಮರ ಕೊರೆಯುವ ಮೊಂಡಾದ ಬಿಟ್ ಬದಲಿಸಿ, ಸಡಿಲವಾದ ಸ್ಕ್ರೂ ಬಿಗಿದು, ಕಾಫಿ ಕುಡಿದು ಬರುತ್ತಿದ್ದೆ. ಸತ್ತೇಗಾಲದ ಶಿವಮಲ್ಲು ಫೋನ್ ಮಾಡಿದಾಗಲೂ ಇದು ಕಾಫಿಯ ಕೆಲಸವೇ ಎಂದುಕೊಂಡಿದ್ದೆ.

"ಸಾ, ಮರ ಬದ್ಲಾಯ್ಸ್ದೆ, ಬಿಟ್ ಬದ್ಲಾಯ್ಸ್ದೆ. ಅದೇ ಜಾಗ್ದಲ್ಲಿ ಅವೇ ಮೂರು ಗೆರೆ ಬತ್ತಾವೆ ಕಣ್ರಿ" ಎಂದರು. ಸ್ವಲ್ಪ ತಡೆದು, ದನಿ ತಗ್ಗಿಸಿ, "ಮಧ್ಯಾನ ಬನ್ನಿ. ಆಗ ನಮ್ಮವ್ವ ಮನೇಲಿರಕಿಲ್ಲ" ಎಂದು ಸೇರಿಸಿದರು. ತಾಯಿ ಇಲ್ಲದಾಗ ಬರಬೇಕಾದ ರಿಪೇರಿ ಯಾವುದಪ್ಪ ಎಂದು ನಕ್ಕೆ. ಆ ನಗು ಸತ್ತೇಗಾಲದವರೆಗೆ ಮಾತ್ರ ಉಳಿಯಿತು.

ಮನೆಯ ಹಿಂದೆ ತೆಂಗಿನ ಸಾಲು, ಸಾಲಿನ ಕೊನೆಗೆ ಶೆಡ್, ಅದರಾಚೆ ಕಬ್ಬು. ಕಬ್ಬಿನಾಚೆ ಕಾವೇರಿ. ನದಿ ಕಾಣುತ್ತಿರಲಿಲ್ಲ, ಸದ್ದು ಕೇಳುತ್ತಿತ್ತು. ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಎದುರು ಗೋಡೆಗೆ ಒರಗಿಸಿದ್ದ ಮೂರು ಮುಖಗಳು ನನ್ನನ್ನು ನೋಡಿದವು. ಮೂರೂ ಒಬ್ಬನದೇ. ಒಂದು ಹಲಸಿನ ಮರದಲ್ಲಿ, ಒಂದು ಬೇವಿನಲ್ಲಿ, ಒಂದು ತೇಗದಲ್ಲಿ. ಆಳಿನ ಮುಖದಷ್ಟೇ ಗಾತ್ರ. ಮೂರರ ಹಣೆಯ ಮೇಲೂ ಅಡ್ಡಕ್ಕೆ ಮೂರು ಉಬ್ಬುಗೆರೆ, ವಿಭೂತಿ ಬಳಿದ ಹಾಗೆ.

ಅದು ಶಿವಮಲ್ಲು ಅವರ ತಮ್ಮ ಮಹೇಶನ ಮುಖ. ಯಂತ್ರವೂ ಮಹೇಶನದೇ. ಬಿಡಿಭಾಗ ತರಿಸಿ ತಾನೇ ಜೋಡಿಸಿ, ಮನೆಗಳಿಗೆ ನಾಮಫಲಕ, ಬಾಗಿಲ ಹಲಗೆ ಕೆತ್ತಿಕೊಡುತ್ತಿದ್ದನಂತೆ. ಹಿಂದಿನ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ, ದಡದಲ್ಲಿದ್ದ ಪಂಪ್‌ಸೆಟ್ ಮುಳುಗದಿರಲಿ ಎಂದು ಎಳೆಯಲು ಇಳಿದ. ಹಗ್ಗ ಎಳೆದವರಿಗೆ ಪಂಪ್‌ಸೆಟ್ ಸಿಕ್ಕಿತು, ಮಹೇಶ ಸಿಗಲಿಲ್ಲ. ತೆಪ್ಪ ಹಾಕಿ ಹುಡುಕಿದರೂ ದೇಹ ಸಿಗಲಿಲ್ಲ. ಹೀಗೆ ದೇಹ ಸಿಗದವರಿಗೆ ಒಂದು ಆಕೃತಿ ಮಾಡಿ, ಅದನ್ನೇ ಮಣ್ಣು ಮಾಡಿ, ಕ್ರಿಯೆ ಮುಗಿಸುವುದು ಅವರ ಮನೆತನದ ಪದ್ಧತಿ.

"ಇಟ್ಟಿನ ಬೊಂಬೆ ಮಾಡಿ ಮಣ್ಣಿಗಾಕಕ್ಕೆ ಮನ್ಸು ಒಪ್ನಿಲ್ಲ ಸಾ. ಅವನ ಮಿಷಿನ್ನಲ್ಲೇ ಅವನ ಮೊಕ ಮಾಡವ ಅಂತ ಕುಂತೆ. ಕುಂತಿದ್ದೇ ತಪ್ಪಾಯ್ತು" ಎಂದರು ಶಿವಮಲ್ಲು. ಫೋನಿನ ಫೋಟೋದಿಂದ ಪರಿಚಯದವರು ಯಾರೋ ಫೈಲ್ ಮಾಡಿಕೊಟ್ಟಿದ್ದರು. ಫೋಟೋ ತೋರಿಸಿದರು. ನಗುತ್ತಿರುವ ಹುಡುಗ, ಹಣೆ ಖಾಲಿ.

ಮೊದಲ ಮುಖವನ್ನು ನೋಡಿದ ದಿನವೇ ತಾಯಿ ನಂಜಮ್ಮ ಹೇಳಿದ್ದರಂತೆ: "ಸತ್ತೋನು ಈಬೂತಿ ಇಕ್ಕಂಡು ಬತ್ತನಾ? ನನ್ ಮಗ ಬದುಕವ್ನೆ." ಕ್ರಿಯೆಗೆ ಬಂದ ನೆಂಟರನ್ನು ವಾಪಸು ಕಳಿಸಿದರು. ಅಂದಿನಿಂದ ಮಧ್ಯಾಹ್ನವಾದರೆ ನದಿಗೆ ಹೋಗಿ, ಸೊಂಟದವರೆಗೆ ನೀರಿಗಿಳಿದು, ಮಗನ ಹೆಸರು ಹಿಡಿದು ಕೂಗುತ್ತಿದ್ದರು. ಒಮ್ಮೆ ಕಾಲು ಜಾರಿ ಕೊಚ್ಚಿಹೋಗುತ್ತಿದ್ದವರನ್ನು ಶಿವಮಲ್ಲು ಸೆರಗು ಹಿಡಿದು ಎಳೆದು ತಂದಿದ್ದರು.

"ಗೆರೆ ಯಾಕ್ ಬತ್ತದೆ ಅಂತ ಗೊತ್ತಾಗ್ದಿದ್ರೆ ಇನ್ನೊಂದು ಎಣ ಬೀಳ್ತದೆ ಸಾ ನಮ್ಮನೇಲಿ."

ಸರಿ, ಕಾಫಿಯ ಕೆಲಸ ಅಲ್ಲ ಎಂದು ತಿಳಿಯಿತು. ಬ್ಯಾಗು ಬಿಚ್ಚಿದೆ. ಮೊದಲು ಫೈಲ್. ಪರದೆಯ ಮೇಲೆ ಹಣೆಯನ್ನು ಹಿಗ್ಗಿಸಿ ನೋಡಿದೆ, ಎಳೆಗೂಸಿನ ಕೆನ್ನೆಯಷ್ಟು ನುಣುಪು. ನಂತರ ಬಿಟ್. ತುದಿ ಗುಂಡಗಿರುವ ಬಾಲ್ ನೋಸ್ ಬಿಟ್, ಹೊಸದು, ಭೂತಗನ್ನಡಿಯಲ್ಲೂ ಚೂರು ಮುಕ್ಕು ಕಾಣಲಿಲ್ಲ. ಬಿಟ್ ಹಿಡಿಯುವ ಕಾಲೆಟ್ ಬಿಗಿಯಾಗಿತ್ತು. ವೇಗ ಸರಿಯಿತ್ತು. ಮರವನ್ನು ಬಯ್ಯುವಂತೆಯೂ ಇಲ್ಲ, ಮೂರು ಜಾತಿಯ ಮರ ಸೇರಿ ಒಂದೇ ಸುಳ್ಳು ಹೇಳುವುದಿಲ್ಲ. ಆದರೆ ಒಂದು ಸಂಗತಿ ನನಗೆ ಇಷ್ಟವಾಗಲಿಲ್ಲ. ಮೊದಲ ಮುಖದಲ್ಲಿ ಗೆರೆಗಳು ಮಬ್ಬಾಗಿದ್ದವು, ಎರಡನೆಯದರಲ್ಲಿ ಸ್ಪಷ್ಟವಾಗಿದ್ದವು, ಮೂರನೆಯದರಲ್ಲಿ ಕಣ್ಣು ಮುಚ್ಚಿ ಬೆರಳಾಡಿಸಿದರೂ ಸಿಗುತ್ತಿದ್ದವು.

ಇನ್ನೊಂದು ಹಲಗೆ ಬಿಗಿಸಿ ಯಂತ್ರ ಚಾಲೂ ಮಾಡಿದೆ. ಕೆತ್ತನೆಯ ಯಂತ್ರದ ಮುಂದೆ ನಿಂತು ಎಷ್ಟೋ ಮುಖ ಮೂಡುವುದನ್ನು ನೋಡಿದ್ದೇನೆ, ದೇವರದು, ರಾಜಕಾರಣಿಯದು. ಅವತ್ತಿನ ಹಾಗೆ ಎಂದೂ ಆಗಿರಲಿಲ್ಲ. ಗದ್ದ ಬಂತು. ತುಟಿ ಬಂತು. ಕಣ್ಣುಗಳು ತೆರೆದುಕೊಂಡವು. ಬಿಟ್ ಹಣೆಗೆ ಏರಿದಾಗ ರೂಟರಿನ ಸದ್ದು ಒಂದು ಕ್ಷಣ ಹಗುರಾಯಿತು, ಯಾರೋ ಕೆಳಗಿನಿಂದ ಅದನ್ನು ಮೆಲ್ಲಗೆ ಎತ್ತಿದ ಹಾಗೆ. ಮತ್ತೆ ಇಳಿಯಿತು. ಮತ್ತೆ ಹಗುರಾಯಿತು. ಮೂರು ಸಲ. ಮೂರು ಗೆರೆ. ಸುಳ್ಳೇಕೆ ಹೇಳಲಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ನಾನು ಯಂತ್ರದಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಹೊಟ್ಟು ಊದಲು ಬಗ್ಗಿದವನಿಗೆ ಬಾಗಿಲಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳಿತು. ನಂಜಮ್ಮ ನಿಂತಿದ್ದರು. ಸೊಂಟದಿಂದ ಕೆಳಗೆ ಸೀರೆ ಪೂರಾ ಒದ್ದೆ. ನನ್ನನ್ನು ನೋಡಲೇ ಇಲ್ಲ. ನೇರ ಬಂದು, ಇನ್ನೂ ಬಿಸಿಯಿದ್ದ ಆ ಮರದ ಹಣೆಯ ಮೇಲೆ ಅಂಗೈ ಇಟ್ಟರು.

"ಬಂದ್ಯಾ ಮಗ?" ಎಂದರು. ಆಮೇಲೆ ನನ್ನತ್ತ ತಿರುಗಿ, "ನೋಡಪ್ಪ, ದಿನ್ದಿನಕ್ಕೂ ಅತ್ರ ಬತ್ತಾವ್ನೆ" ಎಂದು ನಕ್ಕು ಮನೆಯೊಳಗೆ ಹೋದರು. ಆ ನಗು ಕಂಡು ನನಗೆ ಗೆರೆ ಕಂಡಾಗಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ನಮ್ಮ ಕಸುಬಿನಲ್ಲಿ ಒಂದು ಹಳೆಯ ಪರೀಕ್ಷೆಯಿದೆ. ಹಲಗೆಯನ್ನೂ ಕೆತ್ತನೆ ಶುರುವಾಗುವ ಗುರುತನ್ನೂ ಸ್ವಲ್ಪ ಸರಿಸಿ ಮತ್ತೆ ಕೆತ್ತಬೇಕು. ದೋಷ ಹಲಗೆಯ ಜೊತೆ ಸರಿದರೆ ತಪ್ಪು ಫೈಲಿನದೋ ಮರದ್ದೋ. ಸರಿಯದೆ ಅಲ್ಲೇ ಉಳಿದರೆ ತಪ್ಪು ಯಂತ್ರದ್ದು. ಶಿವಮಲ್ಲು ಪ್ರತಿ ಸಲವೂ ಮಹೇಶ ಗುರುತು ಮಾಡಿಟ್ಟ ಒಂದೇ ಜಾಗದಲ್ಲಿ ಹಲಗೆ ಬಿಗಿಸಿದ್ದರು. ನಾನು ಅರ್ಧ ಗೇಣು ಸರಿಸಿದೆ.

ಈ ಸಲ ಹಣೆ ಖಾಲಿ ಬಂತು. ಮೂರು ಗೆರೆ ಬಾಯಿಯ ಮೇಲೆ ಬಿದ್ದಿದ್ದವು, ಅವನ ತುಟಿ ಹೊಲಿದ ಹಾಗೆ. ಶಿವಮಲ್ಲು "ಅಯ್ಯೋ ಸಿವನೇ" ಎಂದು ಆ ಬಾಯಿಯನ್ನು ಅಂಗೈಯಿಂದ ಮುಚ್ಚಿದರು. ನನಗೆ ಮಾತ್ರ ಅಂದು ಮೊದಲ ಬಾರಿಗೆ ಉಸಿರು ಬಂತು. ಗೆರೆಗಳು ಮಹೇಶನ ಜೊತೆ ಹೋಗಲಿಲ್ಲ, ಯಂತ್ರದ ಜೊತೆ ಉಳಿದವು.

ರೂಟರನ್ನು ಹೊತ್ತ ಅಡ್ಡತೊಲೆಗೆ ಗ್ಯಾಂಟ್ರಿ ಎನ್ನುತ್ತೇವೆ. ಅದು ಎರಡೂ ಪಕ್ಕದ ಅಲ್ಯೂಮಿನಿಯಂ ಹಳಿಗಳ ಮೇಲೆ ಸಣ್ಣ ಗಾಲಿಗಳಲ್ಲಿ ಹೋಗಿಬರುತ್ತದೆ. ಗಾಲಿಗೆ ಕೂದಲೆಳೆಯಷ್ಟು ಉಬ್ಬು ಸಿಕ್ಕರೂ ಬಿಟ್ ಅಷ್ಟೇ ಮೇಲೇಳುತ್ತದೆ, ಮರದಲ್ಲಿ ಅಷ್ಟು ಕೆತ್ತದೆ ಉಳಿಯುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಬಾಗಿಲ ಕಡೆಯ ಹಳಿಯನ್ನು ನೋಡುತ್ತ ಹೋದೆ. ಒಂದು ಕಡೆ, ಹಳಿಗೆ ಅಡ್ಡವಾಗಿ, ಪಕ್ಕಪಕ್ಕದಲ್ಲಿ ಮೂರು ಬೂದು ಪಟ್ಟೆ. ಉಗುರಿಂದ ಕೆರೆದು ಮೂಸಿದೆ. ವಿಭೂತಿ.

"ಇದ್ಯಾರು ಹಚ್ಚಿದ್ದು?"

ಶಿವಮಲ್ಲು ಪ್ರಶ್ನೆಯೇ ವಿಚಿತ್ರ ಎಂಬಂತೆ ನೋಡಿದರು. "ಅವ್ವ ಸಾ. ನೇಗ್ಲು, ಪಂಪ್‌ಸೆಟ್ಟು, ಟ್ರ್ಯಾಕ್ಟ್ರು, ಎಲ್ಲಾಕೂ ಬೆಳಿಗ್ಗೆ ಎದ್ದೇಟ್ಗೆ ಇಕ್ತಾಳೆ. ದುಡ್ಯೋ ವಸ್ತು ಬರೀ ಅಣೇಲಿರಬಾರ್ದು ಅಂತವ."

ಮರದ ಬಾಗಿಲು, ರಾಗಿ ಕಲ್ಲು, ಟ್ರ್ಯಾಕ್ಟರಿನ ಬಾನೆಟ್ಟು, ಎಲ್ಲಕ್ಕೂ ಇದ್ದ ವಿಭೂತಿಯನ್ನು ದಾಟಿಕೊಂಡೇ ನಾನು ಒಳಗೆ ಬಂದಿದ್ದೆ. ಬಾಗಿಲ ಮೇಲಿನ ವಿಭೂತಿಯನ್ನು ಯಾರು ತಾನೇ ವಿಶೇಷವಾಗಿ ಗಮನಿಸುತ್ತಾರೆ? ಮಗ ಹೋದ ಮೇಲೆ ಅವನ ಯಂತ್ರಕ್ಕೂ ದಿನವೂ ತಪ್ಪದೆ, ನಿಂತಲ್ಲಿಂದ ಕೈಗೆಟುಕುವ ಅದೇ ಜಾಗದಲ್ಲಿ ಬಳಿದಿದ್ದರು. ಶಿವಮಲ್ಲು ಹಳಿಗೆ ಬಿಡುತ್ತಿದ್ದ ಎಣ್ಣೆ ಸೇರಿ, ಗಾಲಿ ಅರೆದು, ಅದು ಗಾರೆಯಂತೆ ಗಟ್ಟಿಯಾಗಿತ್ತು. ದಿನಕ್ಕೊಂದು ಪದರ ಏರಿದಂತೆ ಗೆರೆಗಳೂ ಏರಿದ್ದವು.

"ಒರ್ಸ್ಬುಡಿ ಸಾ. ಬರೀ ಅಣೆ ಮಾಡಿ ತೋರ್ಸ್ತೀನಿ. ಮಗ ಓದ ಅಂತ ಅವ್ಳೇ ತಿಳ್ಕತಾಳೆ" ಎಂದರು ಶಿವಮಲ್ಲು. ನಾನು ಬಟ್ಟೆಗೆ ಸ್ಪಿರಿಟ್ ಹಾಕಿಯೂ ಆಗಿತ್ತು. ಕೈ ಮುಂದೆ ಹೋಗಲಿಲ್ಲ. ದೋಷವನ್ನು, ಅದು ಯಾರ ಕೈಯಿಂದ ಬಂತೋ ಅವರಿಗೆ ತೋರಿಸದೆ ತೆಗೆದರೆ ಮಾರನೆಯ ದಿನ ಮತ್ತೆ ಬರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ಮಗ ಎರಡನೇ ಸಲ ಹೋದ ಎಂದು ಆ ಜೀವಕ್ಕೆ ಸುಳ್ಳು ಹೇಳಲು ನನಗೆ ಧೈರ್ಯವಿರಲಿಲ್ಲ. "ಕರೀರಿ ಅವ್ವನ್ನ" ಎಂದೆ.

ನಂಜಮ್ಮ ಬಂದರು. "ಅವ್ವಾ, ದಿನಾ ಇಕ್ತೀರಲ್ಲ, ಹಂಗೇ ಇಲ್ಲಿ ಬೆರಳಿಡಿ" ಎಂದೆ. ಹಳಿಯ ಮೂರು ಪಟ್ಟೆಗಳ ಮೇಲೆ ಮೂರು ಬೆರಳು ಅಳತೆ ಮಾಡಿದಂತೆ ಕೂತವು. ಆ ಕೈಯನ್ನು ನಾನೇ ಮೆಲ್ಲಗೆ ಹಿಡಿದು ತೇಗದ ಮುಖದ ಹಣೆಯ ಮೇಲಿಟ್ಟೆ. ಅಲ್ಲೂ ಕೂತವು. ಗಾಲಿ, ಹಳಿ ಎಂದು ವಿವರಿಸಲು ಬಾಯಿ ತೆರೆದೆ. ಬೇಕಾಗಲಿಲ್ಲ. ಮೊಸರು ಕಡೆಯುವ, ಪಂಪ್‌ಸೆಟ್ ನಡೆಸುವ ಹೆಂಗಸು ಅವರು.

"ನಂದೇ ಬೆಳ್ಳಾ?"

"ಊಂ ಅವ್ವ, ನಿಮ್ದೇ."

ಗೆರೆಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಮರಕ್ಕೆ ಹೇಳುವಂತೆ ಮೆಲ್ಲಗೆ ಹೇಳಿದರು: "ದಿನಾ ಬೆಳಿಗ್ಗೆ ಅವನ ಅಣೇಗೆ ಇಕ್ತಿದ್ದೆ. ಬಾಗ್ಲು ದಾಟಕ್ ಮುಂಚೇನೆ ತೋಳಲ್ಲಿ ಒರ್ಸ್ಕಂಡು ಓಗನು. ಇಷ್ಟು ದಿಸ ಇದಕ್ಕೆ ಇಕ್ಕಿವ್ನಿ, ಒಂದಿನಾನೂ ಒರ್ಸ್ಕನಿಲ್ಲ."

ಶಿವಮಲ್ಲು ಮುಖ ತಿರುಗಿಸಿದರು.

"ಬದುಕಿದ್ರೆ ಒರ್ಸ್ಕತಿದ್ದ ಕಣಪ್ಪ" ಎಂದು ನಂಜಮ್ಮ ಅಲ್ಲೇ ನೆಲದ ಮೇಲೆ ಕೂತು ಅತ್ತರು. ಮಗ ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲಂತೆ. ಅಳು ನಿಂತ ಮೇಲೆ ಹಿರಿಮಗನಿಗೆ, "ಅಯ್ನೋರ್ನ ಕರ್ಸು ಮಗ" ಎಂದರು.

ಕ್ರಿಯೆಗೆ ನಾನೂ ಹೋಗಿದ್ದೆ. ನುಣುಪಾದ ಹೊಸ ಮುಖ ಕೆತ್ತಿಕೊಡುತ್ತೇನೆ ಎಂದಿದ್ದೆ, ನಂಜಮ್ಮ ಬೇಡವೆಂದರು. ತೇಗದ್ದನ್ನೇ ಗುಣಿಯಲ್ಲಿಟ್ಟರು. ಅಯ್ಯನವರು ಮಗನಿಗೆ ಹಚ್ಚಿ ಎಂದು ವಿಭೂತಿ ಮುಂದೆ ಹಿಡಿದಾಗ, "ನಾ ಆಗ್ಲೇ ಇಕ್ಕಿವ್ನಿ" ಎಂದು ತಲೆಯಾಡಿಸಿದರು. ಆಮೇಲೆ ಅವರು ನದಿಗೆ ಇಳಿಯಲಿಲ್ಲವೆಂದು ಶಿವಮಲ್ಲು ಫೋನಿನಲ್ಲಿ ಹೇಳಿದರು.

ಉದ್ಯೋಗವಿಡೀ ನಾನು ದೋಷಗಳನ್ನು ಅಳಿಸಿ ಸಂಬಳ ತೆಗೆದುಕೊಂಡವನು. ಗೆರೆ ಕಂಡರೆ ಅದು ಹೋಗಬೇಕು, ಅಷ್ಟೇ ಗೊತ್ತಿತ್ತು. ಈಗಲೂ ಕರೆದಲ್ಲಿಗೆ ಹೋಗುತ್ತೇನೆ, ಬಿಟ್ ಬದಲಿಸುತ್ತೇನೆ, ಸ್ಕ್ರೂ ಬಿಗಿಯುತ್ತೇನೆ. ಆದರೆ ಒರೆಸುವ ಬಟ್ಟೆ ಕೈಗೆ ತೆಗೆದುಕೊಳ್ಳುವ ಮೊದಲು, ಇಲ್ಲಿ ಯಾರ ಕೈ ಆಡಿದೆ ಎಂದು ಮನೆಯವರನ್ನು ಕೇಳುತ್ತೇನೆ.